ತೊಲೆಗೆ ನೇತುಹಾಕಿದ ಮೇಲ್

೧೯೮೯ರಲ್ಲಿ, ಎಂಟನೇ ತರಗತಿಯ ನಡುವೆ, ನಾನು ಓದು ನಿಲ್ಲಿಸಿದೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಮೊಳಕಾಲ್ಮುರಿನ ನಮ್ಮ ಬೀದಿಯಲ್ಲಿ ಶಾಲೆಯ ಗಂಟೆಗಿಂತ ಮೊದಲು ಮಗ್ಗದ ಸದ್ದು ಏಳುತ್ತಿತ್ತು. ಮೊದಲು ಕೇಳಿದ ಸದ್ದಿನ ಹಿಂದೆ ಹೋದೆ, ಅಷ್ಟೇ. ಒಂದಷ್ಟು ವರ್ಷ ನೇಯ್ದೆ, ಆಮೇಲೆ ಜಕಾರ್ಡು ಕಟ್ಟುವುದು ಕಲಿತೆ, ಕೊನೆಗೆ ರಟ್ಟು ಹೊಡೆಯುವ ಕೆಲಸಕ್ಕೆ ಕೂತವನು ಇವತ್ತಿಗೂ ಎದ್ದಿಲ್ಲ.

ರಟ್ಟು ಹೊಡೆಯುವುದು ಅಂದರೆ ಏನೆಂದು ಹೊರಗಿನವರಿಗೆ ಹೇಳಬೇಕು. ರೇಷ್ಮೆ ಸೀರೆಯ ಅಂಚಿನಲ್ಲಿ ಗಿಳಿಯೋ ಹಂಸವೋ ಮೂಡಬೇಕಾದರೆ, ಯಾವ ನೂಲು ಎತ್ತಬೇಕು, ಯಾವುದು ಬಿಡಬೇಕು ಅಂತ ಮಗ್ಗದ ಮೇಲೆ ಕೂತ ಜಕಾರ್ಡ್ ಯಂತ್ರಕ್ಕೆ ಹೇಳುವವರು ಬೇಕು. ಅದನ್ನು ಹೇಳುವುದು ತೂತು ಹೊಡೆದ ಉದ್ದುದ್ದ ರಟ್ಟಿನ ಪಟ್ಟಿಗಳು. ಒಂದು ಚಿತ್ರಕ್ಕೆ ನೂರಾರು ಪಟ್ಟಿ ಬೇಕು, ಎಲ್ಲವನ್ನೂ ದಾರದಲ್ಲಿ ಸಾಲಾಗಿ ಪೋಣಿಸಬೇಕು. ಒಂದು ತೂತು ತಪ್ಪಿದರೆ ಗಿಳಿಗೆ ಕೊಕ್ಕಿರುವುದಿಲ್ಲ. ನಾನು ಹೊಡೆದ ರಟ್ಟಿನಿಂದ ಕೊಕ್ಕಿಲ್ಲದ ಗಿಳಿ ಇದುವರೆಗೆ ಹುಟ್ಟಿಲ್ಲ. ಇದನ್ನು ಜಂಬ ಅನ್ನುವವರು ಅನ್ನಲಿ.

ಚಿತ್ರ ಬರೆಯುವವಳು ನನ್ನ ಹೆಂಡತಿ. ರಾಯದುರ್ಗದ ಕಡೆಯವಳು. ಅವಳ ಸಿಟ್ಟೂ ತೆಲುಗು, ಖುಷಿಯೂ ತೆಲುಗು, ಮಿಕ್ಕಿದ್ದೆಲ್ಲ ಕನ್ನಡ. ಚೌಕಳಿ ಕಾಗದದ ಮೇಲೆ ಒಂದೊಂದೇ ಚೌಕ ತುಂಬಿ ಅವಳು ಚಿತ್ರ ಮಾಡುತ್ತಿದ್ದಳು. ಆಮೇಲೆ ಅವಳೇ ಅದನ್ನು ಗಟ್ಟಿಯಾಗಿ ಓದುತ್ತಿದ್ದಳು: "ಎರಡು ಹಿಡಿ, ಮೂರು ಬಿಡು, ಒಂದು ಹಿಡಿ, ಐದು ಬಿಡು." ಅವಳು ಓದಿದಂತೆ ನಾನು ತೂತು ಹೊಡೆಯುತ್ತಿದ್ದೆ. ನಮ್ಮ ಸಂಸಾರದ ಹೆಚ್ಚಿನ ಮಾತು ಇದೇ. ಬೇರೆ ಗಂಡಹೆಂಡಿರು ಏನು ಮಾತಾಡುತ್ತಾರೋ ನನಗೆ ತಿಳಿಯದು.

ಕೆಲಸ ಮುಗಿದ ಮೇಲೆ ನಮ್ಮ ಬಳಿ ಏನೂ ಉಳಿಯುತ್ತಿರಲಿಲ್ಲ. ರಟ್ಟು ನೇಕಾರರ ಮನೆಗೆ, ಚಿತ್ರದ ಕಾಗದ ಸೀರೆ ಮಾಲೀಕರ ಕೈಗೆ. ಫೋನು ಬಂದ ಮೇಲೆ ನಾನೊಂದು ಅಭ್ಯಾಸ ಮಾಡಿಕೊಂಡೆ. ಕಾಗದ ಕೊಡುವ ಮೊದಲು ಅದರ ಫೋಟೋ ತೆಗೆದು, ನನ್ನ ಮೇಲ್ ವಿಳಾಸಕ್ಕೆ ನಾನೇ ಕಳಿಸಿಕೊಳ್ಳುವುದು. ಜೊತೆಗೆ ನಾಲ್ಕು ಸಾಲು ಬರೆಯುತ್ತಿದ್ದೆ: ಇದು ಯಾವ ಅಂಚು, ಒಡಲಿಗೆ ಯಾವ ಬಣ್ಣ ಹಾಕಿದರು, ಜರಿ ಎಲ್ಲಿ ಬಂತು, ಎಲ್ಲಿ ನೂಲು ಬಿಗಿಯಾಯಿತು. ಬರೀ ಚಿತ್ರ ಇದ್ದರೆ ಸಾಲದು, ಆ ನಾಲ್ಕು ಸಾಲು ಇಲ್ಲದಿದ್ದರೆ ಚಿತ್ರ ಮೂಕ. ಹೀಗೆ ವರ್ಷಗಟ್ಟಲೆ ಅವಳ ಕೈಯಿಂದ ಬಂದದ್ದೆಲ್ಲ ನನ್ನ ಮೇಲ್ ಖಾತೆಯಲ್ಲಿ ಹೋಗಿ ಕೂತಿತು.

ಹೋದ ವರ್ಷದ ಹಿಂದಿನ ವರ್ಷ ಅವಳ ಕಣ್ಣು ಕೈಕೊಟ್ಟಿತು.

"ನೋಡೋ ಜಾಗದಾಗೇ ಮಸಿ ಬಳಿದಂಗೈತೆ ರೀ," ಅಂದಳು ಒಂದು ದಿನ, ಅಕ್ಕಿ ಆರಿಸುತ್ತಾ. "ಪಕ್ಕಕ್ಕೆ ಕಾಣ್ತೈತೆ. ನೆಟ್ಟಗೆ ನೋಡಿದ್ರೆ ಇಲ್ಲ."

ಡಾಕ್ಟರು ಅದಕ್ಕೆ ದೊಡ್ಡ ಹೆಸರು ಹೇಳಿದರು. ಹೋಗಿದ್ದು ಬರುವುದಿಲ್ಲ, ಇರುವುದನ್ನು ಹಿಡಿದಿಡಲು ನೋಡೋಣ, ಮಾತು ಕೊಡಲಾರೆ ಅಂದರು. ಬಲಗಣ್ಣು ಬೇಗ ಹೋಯಿತು. ಎಡಗಣ್ಣಿನ ಅಂಚಿನಲ್ಲಿ ಒಂದಿಷ್ಟು ಉಳಿಯಿತು. ಚೌಕಳಿ ಕಾಗದ ಅವಳಿಗೆ ಬಿಳಿ ಹಾಳೆಯಾಯಿತು. ಮನೆಯಲ್ಲಿ ಹಿಡಿ, ಬಿಡು ಎನ್ನುವ ಮಾತು ನಿಂತಿತು. ಆ ಸದ್ದಿಲ್ಲದ ಮನೆಯಲ್ಲಿ ನನಗೆ ಮೊದಲ ಸಲ ಹೆದರಿಕೆ ಶುರುವಾಯಿತು. ಹಗಲು ಹೊತ್ತಿನಲ್ಲೇ, ಊಟದ ತಟ್ಟೆಯ ಮುಂದೆ ಕೂತಾಗಲೇ, ಎಡಗಣ್ಣೂ ಹೋದರೆ ಮುಂದೇನು ಅನ್ನುವ ಯೋಚನೆ ಬರುತ್ತಿತ್ತು.

ಒಮ್ಮೆ ಆಸ್ಪತ್ರೆಯ ಗೋಡೆಯಲ್ಲಿದ್ದ ದೊಡ್ಡ ಟೀವಿಯ ಪಕ್ಕ ನಿಂತು, ಮುಖ ಓರೆ ಮಾಡಿ, ಅವಳು ಅಂದಳು: "ಇದರಾಗೆ ಆ ಹೆಂಗಸಿನ ಸೀರೆ ಅಂಚು ಕಾಣ್ತೈತೆ ನೋಡ್ರಿ. ಪರವಾಲೇದು, ದೊಡ್ಡದಿದ್ರೆ ಕಾಣ್ತೈತೆ." ಅಲ್ಲಿಂದ ನೇರ ಬಂದು ಕಂಪ್ಯೂಟರ್ ತರುವ ಯೋಚನೆಗೆ ಬಿದ್ದೆ. ದೊಡ್ಡ ಪರದೆಯಲ್ಲಿ ಅವಳ ಚಿತ್ರಗಳನ್ನು ಬಿಡಿಸಿಟ್ಟರೆ ಅವಳು ನೋಡುತ್ತಾಳೆ, ನೋಡಿದರೆ ಹೊಸದು ಹೇಳುತ್ತಾಳೆ, ಹೇಳಿದರೆ ನಾನು ಬರೆಯುತ್ತೇನೆ.

ಚಳ್ಳಕೆರೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟ ಒಬ್ಬ ಸಾಬರು ನನಗೆ ಪರಿಚಯ. ಅವರ ತಂದೆ ಎಣ್ಣೆ ಮಿಲ್ಲಿನ ಯಂತ್ರ ರಿಪೇರಿ ಮಾಡುತ್ತಿದ್ದರು, ಇವರು ಕಂಪ್ಯೂಟರ್ ಹಿಡಿದರು. ಅವರು ನನಗೆ ಅಣ್ಣ ಅನ್ನುತ್ತಾರೆ, ನಾನು ಭಾಯ್ ಅನ್ನುತ್ತೇನೆ. ಉಳ್ಳಾರ್ತಿ ಕಾವಲಿನ ಕಡೆ ವಿಜ್ಞಾನ ಸಂಸ್ಥೆಗಳ ದೊಡ್ಡ ದೊಡ್ಡ ಕಟ್ಟಡ ಎದ್ದ ಮೇಲೆ ಅವರ ಅಂಗಡಿಗೆ ಒಳ್ಳೊಳ್ಳೆ ಹಳೇ ಮಾಲು ಬರುತ್ತದೆ. ಅದರಲ್ಲೇ ಒಂದು ಪರದೆಯನ್ನೂ ಪೆಟ್ಟಿಗೆಯನ್ನೂ ಆರಿಸಿದೆ.

"ಮೇಲ್ ನೋಡಾಕೆ ಏನು ಹಾಕ್ಲಿ ಅಣ್ಣ? ಇಂಟರ್‌ನೆಟ್‌ನಾಗೇ ತೆಗೆದು ನೋಡ್ತೀರಾ?"

"ನೆಟ್ ಇಲ್ದಾಗ?"

"ನೆಟ್ ಇಲ್ದಾಗ ನೀವು ಪೂಜೆ ಮಾಡ್ರಿ, ನಾನು ನಮಾಜು ಮಾಡ್ತೀನಿ. ಬೇರೆ ಏನೈತೆ ದಾರಿ?"

"ನಮ್ಮ ಬೀದಿಯಾಗೆ ನೆಟ್ ಬಂದ್ರೆ ಬಂತು, ಹೋದ್ರೆ ಹೋಯ್ತು. ಮೇಲ್ ಮನೆಯಾಗೆ ಇರಬೇಕು ಭಾಯ್."

ಹಾಗಾದರೆ ಮೇಲ್‌ಗೇ ಬೇರೆ ಪ್ರೋಗ್ರಾಮು ಹಾಕಬೇಕು ಅಂದರು. ಮೂರು ತರದ್ದು ತೋರಿಸಿದರು. ಒಂದು ವರ್ಷ ವರ್ಷವೂ ಬಾಡಿಗೆ ಕೇಳುವಂಥದ್ದು. ಸ್ವಂತ ಮನೆಯಲ್ಲಿ ಬಾಡಿಗೆ ಕೊಟ್ಟು ಕೂರುವವನಲ್ಲ ನಾನು, ಅದನ್ನು ಅಲ್ಲೇ ಬಿಟ್ಟೆ. ಎರಡನೆಯದು ಪುಕ್ಕಟೆ, ಹಳೇ ಕಾಲದ್ದು. ಮೂರನೆಯದೂ ಪುಕ್ಕಟೆ, ಹೊಸದು. ನಾನು ಎಡಕ್ಕೆ ಬಗ್ಗಿ ನೋಡಿದೆ, ಬಲಕ್ಕೆ ಬಗ್ಗಿ ನೋಡಿದೆ, ಅಕ್ಷರ ದೊಡ್ಡದು ಮಾಡಿಸಿ ನೋಡಿದೆ, ಹಿಂದೆ ಸರಿದು ನಿಂತು ನೋಡಿದೆ.

"ಹೆಣ್ಣು ನೋಡಾಕೆ ಬಂದಂಗೆ ನೋಡ್ತೀರಲ್ಲ ಅಣ್ಣ! ಜಾತಕನೂ ತರಬೇಕಿತ್ತು."

"ಮನೆಗೆ ಬರೋದಲ್ಲ? ನೋಡಲೇಬೇಕು."

ನಗುತ್ತಾ ಅವರು ಹಳೇ ಕಾಲದ್ದನ್ನು ಆ ಪೆಟ್ಟಿಗೆಗೆ ಹಾಕಿ, ನನ್ನ ಮೇಲ್ ವಿಳಾಸ ಕೊಟ್ಟು, ತಮ್ಮ ಅಂಗಡಿಯ ನೆಟ್‌ನಲ್ಲೇ ಎಲ್ಲ ಮೇಲ್ ಇಳಿಸಿದರು. ಇಳಿಯುವಷ್ಟು ಹೊತ್ತಿಗೆ ಎರಡು ಸಲ ಚಹಾ ಆಯಿತು. ಹೊಸದನ್ನು ಪೆನ್ ಡ್ರೈವಿಗೆ ಹಾಕಿ ಕೊಟ್ಟು, "ಮನೆಯಾಗೆ ಇದನ್ನೂ ಹಾಕ್ಕೊಂಡು ನೋಡ್ರಿ. ಯಾವುದು ಕೈಗೆ ಕೂರ್ತೈತೋ ಅದು ಇಟ್ಕೊಂಡು ಇನ್ನೊಂದು ತೆಗೆದುಬಿಡ್ರಿ," ಅಂದರು. "ಬರಲಾ ನಾನೇ ಒಂದಿನ?"

"ಯಾಕೆ? ನನಗೆ ಕೈಯಿಲ್ವಾ?" ಅಂದೆ.

ಕೈಯೇನೋ ಇತ್ತು, ಧೈರ್ಯ ಇರಲಿಲ್ಲ. ಜಕಾರ್ಡಿನೊಳಗೆ ಕೈ ಹಾಕಿದರೆ ಯಾವ ಸೂಜಿ ಯಾವ ದಾರ ಎಳೆಯುತ್ತದೆಂದು ನನ್ನ ಬೆರಳಿಗೆ ಗೊತ್ತು. ಈ ಕಂಪ್ಯೂಟರಿನಲ್ಲಿ ಒಂದು ಒತ್ತಿದರೆ ಅದು ಎಲ್ಲಿಗೆ ಹೋಗಿ ಏನನ್ನು ಎಳೆಯುತ್ತದೋ ಕಾಣುವುದೇ ಇಲ್ಲ. ಮನೆಗೆ ತಂದ ಮೊದಲ ವಾರ ಒಂದೊಂದು ಸಲ ಒತ್ತುವಾಗಲೂ ಉಸಿರು ಹಿಡಿಯುತ್ತಿದ್ದೆ. ನನ್ನ ಹೆಂಡತಿ ಪಕ್ಕದಲ್ಲಿ ಕೂತು, "ಏನಾಯ್ತು, ಏನಾಯ್ತು?" ಅನ್ನುತ್ತಿದ್ದಳು. "ಏನಾಗಿಲ್ಲ ಸುಮ್ನಿರು," ಅನ್ನುತ್ತಿದ್ದೆ. ಏನಾಗಿದೆಯೆಂದು ನನಗೂ ಗೊತ್ತಿರುತ್ತಿರಲಿಲ್ಲ.

ಹಳೇ ಕಾಲದ ಆ ಪ್ರೋಗ್ರಾಮು ನೋಡಲು ಬಲು ಕೆಟ್ಟದಾಗಿತ್ತು. ನಾನು ಕನ್ನಡದಲ್ಲಿ ಬರೆದಿದ್ದ ಹೆಸರುಗಳೆಲ್ಲ ಅದರಲ್ಲಿ ಬರೀ ಚೌಕ. ಹಂಸದ ಅಂಚಿಗೆ ಆರು ಚೌಕ, ಮಾವಿನಕಾಯಿ ಅಂಚಿಗೆ ಹತ್ತು ಚೌಕ, ಯಾವುದು ಯಾವುದೆಂದು ತೆಗೆದೇ ನೋಡಬೇಕು. ಚಿತ್ರವೂ ಬೇಕಾದಷ್ಟು ದೊಡ್ಡದಾಗುತ್ತಿರಲಿಲ್ಲ. ಅದಕ್ಕೆ ಪೆನ್ ಡ್ರೈವಿನ ಹೊಸದನ್ನು ನಾನೇ ಹಾಕಿದೆ. ನಡುವೆ ಅದು ಒಂದು ಪ್ರಶ್ನೆ ಕೇಳಿತು. ಎರಡು ಸಣ್ಣ ವೃತ್ತ, ಪಕ್ಕದಲ್ಲಿ ಒಂದೊಂದು ಇಂಗ್ಲಿಷ್ ಪದ. ಮೇಲಿನದಕ್ಕೆ ಅದೇ ಚುಕ್ಕೆ ಇಟ್ಟುಕೊಂಡಿತ್ತು. ಯಂತ್ರ ಮಾಡಿದವನೇ ಆರಿಸಿದ್ದಾನೆ, ಅವನಿಗೆ ಗೊತ್ತಿರುತ್ತದೆ ಅಂದುಕೊಂಡು ಮುಂದೆ ಒತ್ತಿದೆ.

ಮರುದಿನದ ಹೊತ್ತಿಗೆ ಎಲ್ಲ ಮೇಲ್ ಅದರಲ್ಲೂ ಬಂದಿತ್ತು. ಕನ್ನಡ ಮುತ್ತಿನಂತೆ ಕಂಡಿತು. ಚಿತ್ರ ತೆಗೆದು ಹಿಗ್ಗಿಸಿದರೆ ಒಂದೊಂದು ಚೌಕ ಹೆಬ್ಬೆರಳಷ್ಟು ಆಗುತ್ತಿತ್ತು. ಹೆಂಡತಿ ಪರದೆಗೆ ಕೆನ್ನೆ ತಾಗುವಷ್ಟು ಹತ್ತಿರ ಹೋಗಿ, ಕತ್ತು ತಿರುಗಿಸಿ, ಎಡಗಣ್ಣಿನ ಅಂಚಿನಿಂದ ನೋಡಿದಳು.

"ಅಯ್ಯೋ ದೇವುಡಾ, ಇದು ನಾನು ಬರ್ದಿದ್ದು!" ಅಂದಳು. ಆಮೇಲೆ ಮೆಲ್ಲಗೆ ಓದಿದಳು: "ಎರಡು ಹಿಡಿ. ಮೂರು ಬಿಡು."

ಅವತ್ತಿಗೆ ಆಯ್ಕೆ ಮುಗಿಯಿತು. ಹಳೆಯದನ್ನು ತೆಗೆದುಬಿಡಿ ಅಂತ ಭಾಯ್ ಹೇಳಿದ್ದರು, ನಾನು ತೆಗೆಯಲಿಲ್ಲ. ನಮ್ಮ ಕಸುಬಿನಲ್ಲಿ ಒಂದು ರೂಢಿ ಇದೆ. ಮಗ್ಗದಿಂದ ಇಳಿಸಿದ ರಟ್ಟನ್ನು ಎಸೆಯಬಾರದು. ಹೊಸ ಚಿತ್ರ ಏರಿಸುವ ಮೊದಲು ಹಳೇ ರಟ್ಟನ್ನು ಮಡಚಿ ದಾರ ಕಟ್ಟಿ ತೊಲೆಗೆ ನೇತುಹಾಕಬೇಕು. ತೊಲೆಗೆ ಹೋದ ಮೇಲೆ ಆ ರಟ್ಟಿಗೂ ಮಗ್ಗಕ್ಕೂ ಸಂಬಂಧ ಮುಗಿಯಿತು. ಮಗ್ಗ ಮುರಿಯಲಿ, ಮಾರಿಹೋಗಲಿ, ತೊಲೆಯದು ತೊಲೆಯಲ್ಲೇ ಇರುತ್ತದೆ. ಈಗ ಎಷ್ಟೋ ಮನೆಯವರು ಮಗ್ಗ ತೆಗೆದು ತಾರಸಿ ಹಾಕಿಸಿ ರಟ್ಟನ್ನು ನೀರೊಲೆಗೆ ಹಾಕಿದ್ದಾರೆ. ಆದರೆ ನನ್ನ ಕೈ ಹಾಗೆ ಕಲಿತಿಲ್ಲ. ಹಳೇ ಪ್ರೋಗ್ರಾಮನ್ನು ಮುಚ್ಚಿ, ಅದರ ಗುರುತನ್ನು ಪರದೆಯ ಕೆಳಮೂಲೆಗೆ ತಳ್ಳಿ ಮರೆತೆ.

ಆ ಮಳೆಗಾಲ ಚೆನ್ನಾಗಿ ನಡೆಯಿತು. ಅವಳು ಹಳೇ ಗಿಳಿ ಅಂಚನ್ನು ನೋಡುತ್ತಾ ಹೊಸದೊಂದು ಹೇಳಿದಳು. ಗಿಳಿ ಮುಂದೆ ನಡೆಯುತ್ತಾ ಕತ್ತು ಹಿಂದಕ್ಕೆ ತಿರುಗಿಸಿರಬೇಕು. ಅವಳು ಹೇಳಿದಂತೆ ನಾನು ಚೌಕ ತುಂಬಿದೆ. ನನ್ನ ಕೈಯಲ್ಲಿ ಅವಳ ಚಿತ್ರ! ಕಣ್ಣು ಹೋದ ಮೇಲೆ ಅವಳು ಮಾಡಿದ ಮೊದಲನೆಯದು. ಎಂದಿನಂತೆ ಫೋಟೋ ತೆಗೆದು ಮೇಲ್ ಮಾಡಿಕೊಂಡು, ಕಾಗದವನ್ನು ಬಳ್ಳಾರಿಯ ಸೀರೆ ಮಾಲೀಕರಿಗೆ ಒಪ್ಪಿಗೆಗೆ ಕಳಿಸಿದೆ.

ಅಷ್ಟರಲ್ಲಿ ಫೋನಿನಲ್ಲಿ ಕೆಂಪು ಅಕ್ಷರದ ಎಚ್ಚರಿಕೆ ಬರತೊಡಗಿತು. ನಿಮ್ಮ ಮೇಲ್ ಜಾಗ ತುಂಬಿದೆ, ಇನ್ನು ಹೊಸ ಮೇಲ್ ಬರುವುದಿಲ್ಲ, ಖಾಲಿ ಮಾಡಿ ಇಲ್ಲವೇ ಹೆಚ್ಚಿನ ಜಾಗ ಕೊಳ್ಳಿ. ದಿನಾ ಅದೇ. ಮೇಲ್ ಬಾರದಿದ್ದರೆ ಮಾಲೀಕರ ಒಪ್ಪಿಗೆ ಹೇಗೆ ಬರಬೇಕು? ಯೋಚಿಸಿದೆ. ಮೇಲ್ ಎಲ್ಲ ಮನೆ ಕಂಪ್ಯೂಟರಿಗೆ ಇಳಿದಿದೆ. ತೊಲೆಗೆ ಹೋಗಿದೆ. ಇನ್ನು ಮಗ್ಗ ಖಾಲಿ ಮಾಡಬಹುದು.

ಒಂದು ಬೆಳಿಗ್ಗೆ ಕಂಪ್ಯೂಟರಿನ ಮುಂದೆಯೇ ಕೂತು, ಫೋನಿನಲ್ಲಿ ಎಲ್ಲ ಮೇಲನ್ನೂ ಒಟ್ಟಿಗೆ ಹಿಡಿದು ಅಳಿಸಿದೆ. ಅವು ಕಸದ ಬುಟ್ಟಿಗೆ ಹೋದವು. ಬುಟ್ಟಿಯನ್ನೂ ಖಾಲಿ ಮಾಡಲಾ ಎಂದು ಕೇಳಿತು, ಮಾಡು ಅಂದೆ. ಕೆಂಪಕ್ಷರ ಹೋಯಿತು. ಒಂದು ಕೆಲಸ ಮುಗಿಯಿತು ಎಂದು ತಲೆ ಎತ್ತಿ ಪರದೆ ನೋಡಿದೆ.

ಪರದೆಯ ಮೇಲಿನ ಪಟ್ಟಿ ಮೇಲಕ್ಕೆ ಜರುಗುತ್ತಿತ್ತು. ನಾನು ಏನೂ ಮುಟ್ಟಿರಲಿಲ್ಲ. ಹಂಸ ಹೋಯಿತು. ರುದ್ರಾಕ್ಷಿ ಹೋಯಿತು. ಮಾವಿನಕಾಯಿ, ತೇಗದೆಲೆ, ಜೋಡಿ ನವಿಲು, ಹೆಸರು ಓದುವಷ್ಟರಲ್ಲಿ ಒಂದೊಂದೂ ಇಲ್ಲ. ಅಂಚಿನಿಂದ ಯಾರೋ ನೂಲು ಹಿರಿಯುತ್ತಿದ್ದಾರೆ, ಸೀರೆ ನನ್ನ ಕಣ್ಣೆದುರೇ ಬಿಚ್ಚಿಹೋಗುತ್ತಿದೆ. "ನಿಲ್ಲು, ನಿಲ್ಲು," ಅಂತ ಯಂತ್ರಕ್ಕೆ ಹೇಳಿದೆ. ನೆಟ್ಟಿನ ವೈರು ಹಿಡಿದು ಕಿತ್ತೆ, ಗೋಡೆಯ ಮೊಳೆಯೂ ಜೊತೆಗೆ ಬಂತು. ಅಷ್ಟರಲ್ಲಿ ಪರದೆ ಬೆಳ್ಳಗಾಗಿತ್ತು. ಇಂಗ್ಲಿಷಿನಲ್ಲಿ ಒಂದೇ ಸಾಲು: ಇಲ್ಲಿ ಯಾವ ಮೇಲೂ ಇಲ್ಲ.

ಕಿತ್ತ ವೈರು ಕೈಯಲ್ಲಿ ಹಿಡಿದೇ ಕೂತಿದ್ದೆ. ಅವಳು ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದಳು. ಬಂದವಳು ಎಂದಿನ ಕುರ್ಚಿಯನ್ನು ಕೈಯಿಂದ ತಡವಿ ಕೂತಳು.

"ಹೊಸ ಗಿಳಿ ತೆಗೀರಿ, ನೋಡೋಣ. ರೆಕ್ಕೆ ಹತ್ರ ಒಂದು ಸಾಲು ಜಾಸ್ತಿ ಆಯ್ತೇನೋ ಅಂತ ಅನುಮಾನ."

"ಕರೆಂಟಿಲ್ಲ," ಅಂದೆ.

ಅವಳು ತಲೆ ಮೇಲಕ್ಕೆತ್ತಿದಳು.

"ಫ್ಯಾನು ತಿರುಗ್ತೈತಲ್ರೀ."

"ಅದು… ಕಂಪ್ಯೂಟ್ರಿಗೆ ಬರ್ತಿಲ್ಲ. ಒಳಗೆ ಏನೋ ಸದ್ದು ಮಾಡ್ತೈತೆ. ನಾಳೆ ಚಳ್ಳಕೆರೆಗೆ ತಗೊಂಡೋಗಿ ತೋರಿಸ್ಕೊಂಡು ಬರ್ತೀನಿ."

ಅವಳು ನನ್ನ ಮುಖದ ಕಡೆ ತಿರುಗಿ, ಮತ್ತೆ ಮುಖ ಓರೆ ಮಾಡಿದಳು, ಅಂಚಿನಿಂದ ನೋಡಲು. ನಾನು ಬೇರೆ ಕಡೆ ನೋಡಿದೆ. "ಹೂಂ," ಅಂದು ಎದ್ದು ಹೋದಳು. ಅವತ್ತು ಸಾರಿಗೆ ಉಪ್ಪು ಹಾಕಿರಲಿಲ್ಲ. ಇಬ್ಬರೂ ಹಾಗೇ ತಿಂದೆವು.

ಮರುದಿನ ಮೊದಲ ಬಸ್ಸಿಗೆ ಪೆಟ್ಟಿಗೆಯನ್ನು ಹಳೇ ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಕಂಡಕ್ಟರು, "ಏನ್ ಯಜಮಾನ್ರೇ, ಕುರಿಮರೀನಾ? ಅದಕ್ಕೂ ಟಿಕೆಟ್ ಐತೆ," ಅಂದ. ಬೇರೆ ದಿನವಾಗಿದ್ದರೆ ಅವನಿಗೆ ತಿರುಗಿಸಿ ಒಂದು ಕೊಡುತ್ತಿದ್ದೆ. ನಮ್ಮ ಕಡೆಯ ಹಾನಗಲ್ ದಾಟಿದೆವು, ತಳಕು ದಾಟಿದೆವು. ರಸ್ತೆಯ ಉಬ್ಬು ಬಂದಾಗೆಲ್ಲ ಪೆಟ್ಟಿಗೆಯನ್ನು ಎತ್ತಿ ಹಿಡಿಯುತ್ತಿದ್ದೆ, ಒಳಗೆ ಏನಾದರೂ ಚೂರು ಉಳಿದಿದ್ದರೆ ಅದೂ ಉದುರೀತೆಂದು. ಒಂದೇ ಯೋಚನೆ ತಿರುಗುತ್ತಿತ್ತು. ಅವಳು ಇನ್ನು ಮುಂದೆ ಬರೆಯಲಾರಳು. ಬರೆದದ್ದನ್ನು ನಾನು ಅಳಿಸಿದೆ. ಎಡಗಣ್ಣಿನಲ್ಲಿ ಉಳಿದಿರುವಷ್ಟು ನೋಟಕ್ಕೆ ನೋಡಲು ಇನ್ನೇನಿದೆ? ನನ್ನ ಮೂತಿ ಬಿಟ್ಟರೆ ಏನೂ ಇಲ್ಲ.

ಭಾಯ್ ಅಂಗಡಿಯ ಶಟರು ಆಗಷ್ಟೇ ಎತ್ತುತ್ತಿದ್ದರು. ನಡೆದದ್ದು ಹೇಳಿದೆ. ಮೊದಲು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು.

"ಬುಟ್ಟಿನೂ ಖಾಲಿ ಮಾಡಿದ್ರಾ?"

"ಮಾಡ್ದೆ."

"ಯಾಕಣ್ಣ? ಬುಟ್ಟಿ ಬಿಟ್ಟಿದ್ರೆ ಈಗ ಎತ್ತಿ ಕೊಡ್ತಿದ್ದೆ."

"ಕೆಲಸ ಅರ್ಧಕ್ಕೆ ಬಿಟ್ಟು ನನಗೆ ಗೊತ್ತಿಲ್ಲ."

ಅವರು ಹಣೆ ಉಜ್ಜಿಕೊಂಡರು. ಪರದೆ ಜೋಡಿಸಿ, ನೆಟ್ ಕೊಡದೆ, ಹೊಸ ಪ್ರೋಗ್ರಾಮು ತೆರೆದು ಅಲ್ಲಿ ಇಲ್ಲಿ ಹುಡುಕಿದರು. ಆಮೇಲೆ ಕುರ್ಚಿ ನನ್ನ ಕಡೆ ತಿರುಗಿಸಿದರು.

"ನೋಡ್ರಿ ಅಣ್ಣ, ಇದು ಕನ್ನಡಿ. ಮೇಲ್ ಇರೋದು ಅಲ್ಲಿ, ಇಲ್ಲಿ ಅದರ ಬಿಂಬ. ಅಲ್ಲಿ ಮೀಸೆ ಬೋಳಿಸಿದ್ರೆ ಇಲ್ಲೂ ಮೀಸೆ ಇರಲ್ಲ. ಆ ಎರಡು ವೃತ್ತ ಕೇಳ್ತಲ್ಲ, ಅದು ಇದೇ ಕೇಳಿದ್ದು. ಕನ್ನಡಿ ಬೇಕೋ, ಇಲ್ಲೇ ತುಂಬಿಟ್ಕೊಳ್ಳೋ ಪೆಟ್ಟಿಗೆ ಬೇಕೋ ಅಂತ."

"ಇಳಿಸಿದ ಮೇಲೆ ಇಳಿದಂಗಲ್ವಾ ಭಾಯ್?"

"ನಿಮ್ಮ ಕಡೆ ಹಂಗೆ. ಇದರ ಕಡೆ ಹಂಗಲ್ಲ."

ನಾನು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಎದುರಿನ ಬೀದಿಯಲ್ಲಿ ಶೇಂಗಾ ಚೀಲದ ಲಾರಿ ಹಿಂದೆ ಹಿಂದೆ ಬರುತ್ತಿತ್ತು, ಯಾರೋ "ಬರ್ಲಿ, ಬರ್ಲಿ" ಅನ್ನುತ್ತಿದ್ದರು. ಮನೆಗೆ ಹೋಗಿ ಏನು ಹೇಳಲಿ? ನನ್ನ ಬೆನ್ನ ಹಿಂದೆ ಭಾಯ್ ಒಮ್ಮೆಲೇ, "ಅರೇ," ಅಂದರು.

ತಿರುಗಿದೆ. ಅವರ ಬೆರಳು ಪರದೆಯ ಕೆಳಮೂಲೆಯಲ್ಲಿತ್ತು.

"ಇದು ಇನ್ನೂ ಐತಾ? ತೆಗೀರಿ ಅಂದಿದ್ನಲ್ಲ?"

"ಇಳಿಸಿದ್ದನ್ನ ಎಸೆಯಲ್ಲ ನಾವು."

"ಇದನ್ನ ನಾನೇ ಹಾಕಿದ್ದು. ಇದು ಪೆಟ್ಟಿಗೆ ಅಣ್ಣ. ಕನ್ನಡಿ ಅಲ್ಲ."

ಎದ್ದು ಬಂದೆ. ಆದರೆ ಅವರು ಮೌಸಿಗೆ ಕೈ ಹಾಕಿದಾಗ ನಾನು ಅವರ ಮಣಿಕಟ್ಟು ಹಿಡಿದುಕೊಂಡೆ. "ಬೇಡ, ತಡೀರಿ. ತೆಗೆದ ಕೂಡ್ಲೇ ಇದೂ ಹಂಗೇ ಓಡಿಹೋದ್ರೆ?"

"ವೈರು ಇಲ್ಲ, ಗಾಳೀಲಿ ಬರೋ ನೆಟ್ಟೂ ಇಲ್ಲ. ಎಲ್ಲಿಗೆ ಓಡ್ತೈತೆ?"

"ನಿನ್ನೆನೂ ಹಂಗೇ ಅಂದ್ಕೊಂಡಿದ್ದೆ."

ಅವರು ನನ್ನನ್ನು ನೋಡಿದರು, ನನ್ನ ಕೈ ನೋಡಿದರು. "ಸರಿ. ಮೊದಲು ಇದು ಮೇಲ್ ತುಂಬಿಟ್ಟಿರೋ ಗೋಣಿಚೀಲನೇ ಹಂಗೇ ನಕಲು ಮಾಡಿ ಇಟ್ಕೋತೀನಿ. ಆಮೇಲೆ ಬಾಯಿ ಬಿಚ್ಚೋಣ," ಅಂದರು. ಎರಡು ಪೆನ್ ಡ್ರೈವಿಗೆ ನಕಲು ಇಳಿಸಿದರು. ಹಸಿರು ಪಟ್ಟಿ ಮುಂದಕ್ಕೆ ಹೋಗುವುದನ್ನು ಇಬ್ಬರೂ ನೋಡುತ್ತಾ ಕೂತೆವು. ಗಿರಾಕಿಯೊಬ್ಬ ಬಂದು ಚಾರ್ಜರು ಕೇಳಿದ, ಭಾಯ್ ಅವನಿಗೆ ಆಮೇಲೆ ಬಾ ಅಂತ ಕೈ ಮಾಡಿದರು. ನಕಲು ಮುಗಿದ ಮೇಲೆ "ಬಿಸ್ಮಿಲ್ಲಾ" ಅಂದು ಒತ್ತಿದರು.

ಪರದೆ ಕ್ಷಣ ಬೆಳ್ಳಗಾಯಿತು.

ಆಮೇಲೆ ಬಂತು. ಚೌಕ. ಚೌಕ ಚೌಕ ಚೌಕ. ಸಾಲಿನ ಕೆಳಗೆ ಸಾಲು, ಹಂಸಕ್ಕೆ ಆರು ಚೌಕ, ಮಾವಿನಕಾಯಿಗೆ ಹತ್ತು ಚೌಕ. ಕಣ್ಣಿಗೆ ಚೆಂದವಿಲ್ಲವೆಂದು ಮೂಲೆಗೆ ತಳ್ಳಿದ್ದ ಆ ಕೆಟ್ಟ ಪಟ್ಟಿ ಚೌಕಳಿ ಕಾಗದದಂತೆ ಕಂಡಿತು. ಒಂದನ್ನು ತೆಗೆದರೆ ಒಳಗೆ ಅವಳ ಜೋಡಿ ನವಿಲು.

"ಅಳ್ತೀರಾ ಅಣ್ಣ? ಕೀಬೋರ್ಡಿನ ಮೇಲೆ ಬೇಡ. ನೀರು ಬಿದ್ರೆ ಹಾಳಾಗ್ತೈತೆ," ಅಂದರು ಭಾಯ್.

ಎಲ್ಲ ಸಿಗಲಿಲ್ಲ. ಅಂಗಡಿಯಲ್ಲಿ ಇಳಿಸಿದ ದಿನದವರೆಗಿನದು ಮಾತ್ರ ಆ ಪೆಟ್ಟಿಗೆಯಲ್ಲಿತ್ತು. ಅದರ ಮೇಲೆ ಬಂದ ಪತ್ರಗಳನ್ನು ಮತ್ತೆ ಕಳಿಸಿ ಎಂದು ಜನರನ್ನು ಕೇಳಬಹುದು. ಚಿತ್ರ ಹೋದದ್ದು ಒಂದೇ ಒಂದು, ಹಿಂದಕ್ಕೆ ನೋಡುವ ಗಿಳಿ. ಕಣ್ಣು ಹೋದ ಮೇಲೆ ಅವಳು ಮಾಡಿದ್ದು. ಅದರ ಫೋಟೋ ಫೋನಿನಲ್ಲೂ ಇರಲಿಲ್ಲ. ಮೇಲ್ ಮಾಡಿಕೊಂಡ ಮೇಲೆ ಫೋಟೋ ಅಳಿಸುವುದೂ ನನ್ನದೇ ಶಿಸ್ತು.

ಬೆಳಿಗ್ಗೆ ಪೂರ್ತಿ ಭಯ ಹೊತ್ತು ಹೋದವನು ಸಂಜೆ ಮುಕ್ಕಾಲು ಭಯ ಇಳಿಸಿ, ಕಾಲು ಭಾಗ ಹೊತ್ತು ಬಂದೆ. ಅವಳು ಬಾಗಿಲಲ್ಲೇ ಕೂತಿದ್ದಳು. ನನ್ನ ಚಪ್ಪಲಿಯ ಸದ್ದು ಹಿಡಿದು ಎದ್ದಳು.

"ಡಾಕ್ಟ್ರು ಫೋನ್ ಮಾಡಿದ್ರಾ?" ಅಂದಳು.

"ಯಾವ ಡಾಕ್ಟ್ರು?"

"ಹೇಳ್ರಿ ಬೇಗ. ನಿನ್ನೆ ಫ್ಯಾನು ತಿರುಗ್ತಿದ್ರೂ ಕರೆಂಟಿಲ್ಲ ಅಂದ್ರಲ್ಲ, ಆಗ್ಲೇ ಅನ್ಕೊಂಡೆ. ಎಡಗಣ್ಣೂ ಹೋಗ್ತೈತೆ ಅಂದ್ರಾ? ಅದಕ್ಕೇ ಕಂಪ್ಯೂಟ್ರು ಕೊಟ್ಟು ಬರಾಕೆ ಹೋಗಿದ್ರಾ? ಬೆಳಿಗ್ಗೆಯಿಂದ ಒಂದು ಗುಟುಕು ನೀರು ಇಳಿದಿಲ್ಲ ನನಗೆ."

ಪೆಟ್ಟಿಗೆಯನ್ನು ಕಟ್ಟೆಯ ಮೇಲಿಟ್ಟೆ. ನಾನು ನನ್ನ ಹೆದರಿಕೆಯನ್ನು ಮುಚ್ಚಿಟ್ಟುಕೊಂಡೆ ಅಂದುಕೊಂಡಿದ್ದೆ. ಅದಕ್ಕಿಂತ ದೊಡ್ಡದೊಂದನ್ನು ಅವಳ ತಲೆಯ ಮೇಲಿಟ್ಟು ಬಸ್ಸು ಹತ್ತಿದ್ದೆ. ಡಾಕ್ಟರು ಫೋನು ಮಾಡಿಲ್ಲ ಎಂದು ಮೊದಲು ಹೇಳಿದೆ. ಆಮೇಲೆ ಮೇಲ್ ಹೋದದ್ದು, ಬಂದದ್ದು, ಗಿಳಿ ಬಾರದ್ದು, ಎಲ್ಲ ಹೇಳಿದೆ.

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು. ನಗು ನಿಲ್ಲಲು ಹೊತ್ತು ಹಿಡಿಯಿತು, ನಡುವೆ ಅಳುವೂ ಬಂತು.

"ಬರೀ ಮೇಲಾ! ಪಿಚ್ಚೋಡಾ," ಅಂದಳು. ಹುಚ್ಚ ಅಂತ. ಮದುವೆಯಾದಾಗಿನಿಂದ ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು.

"ಗಿಳಿ ಹೋಯ್ತಲ್ಲ," ಅಂದೆ. "ಬಳ್ಳಾರಿಯವರನ್ನ ಕಾಗದ ವಾಪಸ್ ಕೇಳಬೇಕು. ನಮ್ಮ ಚಿತ್ರ ನಮಗೇ ಕೊಡ್ರಿ ಅಂತ ಹೆಂಗೆ ಕೇಳೋದು?"

"ಕೇಳೋದ್ಯಾಕೆ? ಕೈ ತೊಳ್ಕೊಂಡು ಬನ್ರಿ. ಕಾಗದ ತಗೊಳ್ರಿ."

ಚೌಕಳಿ ಹಾಳೆ ಹಾಸಿಕೊಂಡು ಕೂತೆ. ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. "ಕಾಲಿಂದ ಶುರು. ಒಂದು ಹಿಡಿ, ಎಂಟು ಬಿಡು, ಒಂದು ಹಿಡಿ." ಕೊಕ್ಕಿನವರೆಗೆ ತಡವರಿಸಲಿಲ್ಲ. ರೆಕ್ಕೆಯ ಹತ್ತಿರ ಮಾತ್ರ ಒಮ್ಮೆ ನಿಂತು, "ಇಲ್ಲೇ ರೀ, ಒಂದು ಸಾಲು ಜಾಸ್ತಿ ಇತ್ತು, ಹೇಳಿದ್ನಲ್ಲ. ಬಿಟ್ಟುಬಿಡ್ರಿ ಅದನ್ನ," ಅಂದಳು. ಬಿಟ್ಟೆ. ಮೊದಲಿನದಕ್ಕಿಂತ ಈ ಗಿಳಿ ಹಗುರವಾಗಿ ಕೂತಿತು.

ಹೆದರಿಕೆ ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಆಸ್ಪತ್ರೆಯ ನಂಬರಿನಿಂದ ಫೋನು ಬಂದರೆ ಇವತ್ತಿಗೂ ಎರಡು ಸಲ ರಿಂಗಾಗುವವರೆಗೆ ಎತ್ತಲಾರೆ. ಬಂದದ್ದೇನೆಂದು ಈಗ ಇಬ್ಬರೂ ಒಟ್ಟಿಗೆ ಕೇಳುತ್ತೇವೆ, ಸ್ಪೀಕರು ಹಾಕಿ. ಮೇಲ್ ಪ್ರೋಗ್ರಾಮುಗಳ ಮಟ್ಟಿಗೆ ಹೇಳುವುದಾದರೆ, ನೋಡಲಿಕ್ಕೆ ಚೆಂದದ್ದನ್ನು ತೆರೆಯುತ್ತೇವೆ. ಚೌಕದ್ದು ವಾರಕ್ಕೊಮ್ಮೆ ಎಲ್ಲವನ್ನೂ ಪೆಟ್ಟಿಗೆಗೆ ಇಳಿಸಿಕೊಳ್ಳುತ್ತದೆ. ಭಾಯ್ ಬಂದು ಹಾಗೆ ಮಾಡಿಕೊಟ್ಟರು. ಈ ಸಲ ನಾನೇ ಕರೆದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಕಂಪ್ಯೂಟರು ಒಂದು. ಮೇಲ್ ಪ್ರೋಗ್ರಾಮು ಎರಡು. ಪೆನ್ ಡ್ರೈವು ಎರಡು, ಒಂದು ಮನೆಯ ತೊಲೆಗೆ ದಾರದಲ್ಲಿ ಕಟ್ಟಿದ್ದು, ಇನ್ನೊಂದು ಚಳ್ಳಕೆರೆಯ ಅಂಗಡಿಯಲ್ಲಿ. ಚಿತ್ರ ನೂರಾ ಹದಿನಾಲ್ಕು, ಅದರಲ್ಲಿ ಒಂದು ಅವಳ ಬಾಯಿಂದ ಬಂದದ್ದು. ಅವಳ ಎಡಗಣ್ಣಿನ ಅಂಚಿನಲ್ಲಿ ಒಂದಿಷ್ಟು ಬೆಳಕು.